ಗೀಜಗನ ಗೂಡಿನ ಕೆಳಗೆ ಕುಳಿತ ಸಲೀಂ ಅಲಿ



ಏಣೆಲು ನಾಟಿ ಮುಗಿದು ನೇಜಿ ಬೇರು ಹಿಡಿಯುವ ಹೊತ್ತಿಗೆ ಬೈಲಿನ ಬದಿಯ ತೆಂಗಿನ ಮರಗಳಿಗೆ ಒಂದು ಪರಿವಾರ ಬಂದು ಸೇರುವುದನ್ನು ಪುತ್ತೂರು, ಸುಳ್ಯ, ಕಡಬ ಕಡೆಯ ಕೃಷಿಕರು ಬಲ್ಲರು. ನೆತ್ತಿಗೂ ಎದೆಗೂ ಅರಸಿನ ಬಳಿದುಕೊಂಡಂತೆ ಕಾಣುವ, ಗುಬ್ಬಿ ಗಾತ್ರದ ಗಂಡು ಹಕ್ಕಿಗಳು ಮೊದಲು ಬರುತ್ತವೆ. ಭತ್ತದ ಎಲೆಯ ಅಂಚನ್ನು ಕೊಕ್ಕಿನಿಂದ ಕಚ್ಚಿ, ಹಾರುತ್ತಲೇ ಉದ್ದದ ಎಳೆಯಾಗಿ ಸೀಳಿಕೊಂಡು ಹೋಗಿ ಮಡಲಿನ ತುದಿಗೆ ಗಂಟು ಹಾಕುತ್ತವೆ. ಕೆಲವು ದಿನ ಕಳೆದು ನೋಡಿದರೆ ತೋಡಿನ ಮೇಲೋ ಬಾವಿಯ ಮೇಲೋ ಸೋರೆಬುರುಡೆಯಂಥ ಗೂಡುಗಳು ತೂಗಾಡುತ್ತಿರುತ್ತವೆ. ಇದೇ ಗೀಜಗ.

ಈ ಗೂಡುಗಳ ನಡುವೆ ಅರ್ಧಕ್ಕೇ ನಿಂತ ಕೆಲವು ಇರುತ್ತವೆ. ಮೇಲೆ ಟೋಪಿಯ ಆಕಾರ, ಕೆಳಗೆ ಅಡ್ಡಲಾಗಿ ಒಂದು ಪಟ್ಟಿ, ಅಷ್ಟೇ. ಅದು ಗಂಡು ಹಕ್ಕಿ ಮಳೆಗೆ ಕುಳಿತುಕೊಳ್ಳುವ ಉಯ್ಯಾಲೆ ಎಂದು ನಾನು ಚಿಕ್ಕವನಿದ್ದಾಗ ಹಿರಿಯರು ಹೇಳಿದ್ದುಂಟು. ಹಕ್ಕಿಗಳ ಬಗ್ಗೆ ಆಂಗ್ಲರು ಬರೆದ ಹಳೆಯ ಪುಸ್ತಕಗಳಲ್ಲೂ ಹೆಚ್ಚುಕಮ್ಮಿ ಇದೇ ವಿವರಣೆ ಇತ್ತು. ಅದು ಸರಿಯಲ್ಲವೆಂದು 1930ರ ಮಳೆಗಾಲದಲ್ಲಿ ಕಂಡುಕೊಂಡವರು ಆಗ ಕೆಲಸ ಕಳೆದುಕೊಂಡು ಮನೆಯಲ್ಲಿ ಕುಳಿತಿದ್ದ ಒಬ್ಬ ಗೃಹಸ್ಥರು. ಪದವಿ ಇರಲಿಲ್ಲ, ಪ್ರಯೋಗಶಾಲೆ ಇರಲಿಲ್ಲ. ಮನೆಯ ಹತ್ತಿರ ಗೀಜಗನ ಗೂಡುಗಳಿದ್ದವು, ಕೈಯಲ್ಲಿ ಬೇಕಾದಷ್ಟು ಸಮಯವಿತ್ತು. ಅವರೇ ಸಲೀಂ ಅಲಿ.

ಸಲೀಂ ಅಲಿ ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬಯಿಯಲ್ಲಿ. ದೊಡ್ಡ ಸಂಸಾರದ ಕೊನೆಯ ಮಗು. ವರ್ಷ ತುಂಬುವಷ್ಟರಲ್ಲಿ ತಂದೆ ಹೋದರು, ಮೂರು ವರ್ಷಕ್ಕೆ ತಾಯಿಯೂ ಹೋದರು. ಅನಾಥ ಮಕ್ಕಳನ್ನು ಸಾಕಿದ್ದು ಸೋದರಮಾವ ಅಮಿರುದ್ದೀನ್ ತ್ಯಾಬ್ಜಿ ಮತ್ತು ಅವರ ಪತ್ನಿ ಹಮೀದಾ ಬೇಗಂ. ಆ ದಂಪತಿಗಳಿಗೆ ಸ್ವಂತ ಮಕ್ಕಳಿರಲಿಲ್ಲ. ಮಾವನಿಗೆ ಬೇಟೆಯ ಹವ್ಯಾಸ. ಹುಡುಗನಿಗೂ ಒಂದು ಗಾಳಿಕೋವಿ ಕೊಡಿಸಿದರು. ಹತ್ತು ವರ್ಷದ ಆಸುಪಾಸಿನ ಹುಡುಗ ಅದನ್ನು ಹಿಡಿದು ಗುಬ್ಬಿ ಹೊಡೆಯುತ್ತ ತಿರುಗಿದ. ನಮ್ಮ ಹಳ್ಳಿಗಳಲ್ಲಿ ಕವಣೆ ಹಿಡಿದು ತಿರುಗುವ ಹುಡುಗರಿಗೂ ಅವನಿಗೂ ಹೆಚ್ಚು ವ್ಯತ್ಯಾಸವೇನೂ ಇರಲಿಲ್ಲ.

ಒಂದು ದಿನ ಹೊಡೆದ ಗುಬ್ಬಿಯ ಕತ್ತಿನಲ್ಲಿ ಹಳದಿ ಮಚ್ಚೆ ಕಂಡಿತು. ಇಂಥದ್ದನ್ನು ತಿನ್ನಬಹುದೋ ಬಾರದೋ ಎಂಬ ಸಂದೇಹ ಬಂದು ಹುಡುಗ ಅದನ್ನು ಮಾವನಿಗೆ ತೋರಿಸಿದ. ಮಾವನಿಗೂ ಗುರುತು ಸಿಗಲಿಲ್ಲ. ಅವರು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಎಂಬ ನಿಸರ್ಗಶಾಸ್ತ್ರ ಸಂಘದ ಸದಸ್ಯರಾಗಿದ್ದರು. ಒಂದು ಪತ್ರ ಕೊಟ್ಟು ಹುಡುಗನನ್ನು ಅಲ್ಲಿಗೆ ಕಳುಹಿಸಿದರು. ಸಂಘದ ಕಾರ್ಯದರ್ಶಿ ಮಿಲ್ಲಾರ್ಡ್ ಎಂಬ ಆಂಗ್ಲ ಮಹಾಶಯರು ಸತ್ತ ಗುಬ್ಬಿ ಹಿಡಿದು ಬಂದ ಬಾಲಕನನ್ನು ಗದರಿಸಿ ಅಟ್ಟಲಿಲ್ಲ. ಅದು ಹಳದಿ ಕತ್ತಿನ ಗುಬ್ಬಿ ಎಂದು ಹೇಳಿ, ಕಪಾಟುಗಳನ್ನು ತೆರೆದು ಹುಲ್ಲು ತುಂಬಿಟ್ಟ ಹಕ್ಕಿಗಳನ್ನೆಲ್ಲ ತೋರಿಸಿದರು, ಓದಲು ಪುಸ್ತಕ ಕೊಟ್ಟರು. ಕಚೇರಿಗೆ ಸಂಶಯ ಹಿಡಿದು ಬಂದವರ ಜೊತೆ ಹೇಗೆ ನಡೆದುಕೊಳ್ಳಬೇಕೆಂಬುದನ್ನು ವಿಸ್ತರಣಾ ಇಲಾಖೆಯ ನಾವೂ ಈ ಮಿಲ್ಲಾರ್ಡ್ ಸಾಹೇಬರಿಂದ ಕಲಿಯಬಹುದು.

ಅದೇ ಬಾಲ್ಯದ ಇನ್ನೊಂದು ಸಂಗತಿ ಇದೆ. ಕುದುರೆ ಲಾಯದ ಗೋಡೆಯ ತೂತಿನಲ್ಲಿ ಹೆಣ್ಣು ಗುಬ್ಬಿಯೊಂದು ಮೊಟ್ಟೆಗೆ ಕೂತಿತ್ತು, ಹೊರಗೆ ಗಂಡು ಕಾವಲಿತ್ತು. ಹುಡುಗ ಗಂಡನ್ನು ಹೊಡೆದ. ಸ್ವಲ್ಪ ಹೊತ್ತಿನಲ್ಲೇ ಅದೇ ಜಾಗದಲ್ಲಿ ಮತ್ತೊಂದು ಗಂಡು ಬಂದು ಕೂತಿತು. ಅದನ್ನೂ ಹೊಡೆದ. ಹೀಗೆ ಏಳು ದಿನಗಳಲ್ಲಿ ಎಂಟು ಗಂಡುಗಳು ಸತ್ತವು, ಪ್ರತಿಸಲವೂ ಹೊಸ ಗಂಡು ತಯಾರಾಗಿ ಬಂದಿತು. ಕೆಲಸ ಕ್ರೂರವೇ ಸರಿ. ಆದರೆ ಹುಡುಗ ಅದನ್ನು ದಿನವಾರು ಬರೆದಿಟ್ಟ. ಸುಮಾರು ಅರುವತ್ತು ವರ್ಷಗಳ ನಂತರ ಆ ಟಿಪ್ಪಣಿ ಪಕ್ಷಿವೀಕ್ಷಕರ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ನೋಡಿದ್ದನ್ನು ನೋಡಿದಂತೆ, ತಾರೀಕು ಹಾಕಿ ಬರೆಯುವ ಅಭ್ಯಾಸ ಅಲ್ಲಿಂದಲೇ ಬಂದದ್ದು.

ಓದಿನಲ್ಲಿ ಸಲೀಂ ಅಲಿ ಹಿಂದೆಯೇ. ತಲೆನೋವಿನ ಕಾಟ ಬೇರೆ. 1913ರಲ್ಲಿ ಕಷ್ಟದಿಂದ ಮೆಟ್ರಿಕ್ ಆಯಿತು. ಕಾಲೇಜನ್ನು ಅರ್ಧಕ್ಕೆ ಬಿಟ್ಟು ಬರ್ಮಾದ ತವೊಯ್ ಎಂಬಲ್ಲಿಗೆ ಹೋದರು. ಅಲ್ಲಿ ಮನೆಯವರಿಗೆ ಟಂಗ್‌ಸ್ಟನ್ ಅದಿರಿನ ಗಣಿ ಮತ್ತು ಮರದ ವ್ಯಾಪಾರವಿತ್ತು. ಸುತ್ತ ದಟ್ಟ ಕಾಡು. ಲೆಕ್ಕದ ಪುಸ್ತಕಕ್ಕಿಂತ ಕಾಡಿನ ಮೇಲೆ ಹೆಚ್ಚು ಗಮನವಿದ್ದರೆ ವ್ಯಾಪಾರ ಏನಾದೀತೆಂದು ಬೇರೆ ಹೇಳಬೇಕಾಗಿಲ್ಲ. 1917ರಲ್ಲಿ ಮುಂಬಯಿಗೆ ಮರಳಿ ವಾಣಿಜ್ಯ ಕಾಲೇಜಿಗೆ ಸೇರಿದರು. ಜೊತೆಗೆ ಸೇಂಟ್ ಝೇವಿಯರ್ಸ್ ಕಾಲೇಜಿನ ಫಾದರ್ ಬ್ಲಾಟರ್ ಅವರ ಒತ್ತಾಯದಿಂದ ಪ್ರಾಣಿಶಾಸ್ತ್ರದ ಪಾಠವನ್ನೂ ಕೇಳಿದರು. 1918ರ ಡಿಸೆಂಬರಿನಲ್ಲಿ ತೆಹ್ಮೀನಾ ಬೇಗಂ ಅವರೊಡನೆ ಮದುವೆಯಾಯಿತು.

ಭಾರತೀಯ ಪ್ರಾಣಿ ಸರ್ವೇಕ್ಷಣಾ ಇಲಾಖೆಯಲ್ಲಿ ಪಕ್ಷಿತಜ್ಞರ ಹುದ್ದೆಯೊಂದಕ್ಕೆ ಪ್ರಯತ್ನಿಸಿದರು. ಪದವಿಯಿಲ್ಲವೆಂಬ ಕಾರಣಕ್ಕೆ ಸಿಗಲಿಲ್ಲ. ಕೊನೆಗೆ 1926ರಲ್ಲಿ ಮುಂಬಯಿಯ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದಲ್ಲಿ, ಬಂದವರಿಗೆ ನಿಸರ್ಗ ವಿಭಾಗವನ್ನು ತೋರಿಸಿ ವಿವರಿಸುವ ಕೆಲಸ ಸಿಕ್ಕಿತು. ತಿಂಗಳಿಗೆ 350 ರೂಪಾಯಿ ಸಂಬಳ, ಆ ಕಾಲಕ್ಕೆ ದೊಡ್ಡ ಮೊತ್ತವೇ. ಎರಡು ವರ್ಷ ಕಳೆದು ರಜೆ ಹಾಕಿ ಜರ್ಮನಿಗೆ ಹೋದರು. ಬರ್ಲಿನ್ನಿನ ಪ್ರಾಣಿಶಾಸ್ತ್ರ ಸಂಗ್ರಹಾಲಯದ ಪ್ರೊಫೆಸರ್ ಎರ್ವಿನ್ ಸ್ಟ್ರೆಸೆಮನ್ ಆ ಕಾಲದ ಬಹುದೊಡ್ಡ ಪಕ್ಷಿಶಾಸ್ತ್ರಜ್ಞರು. ಸಲೀಂ ಅಲಿಯವರು ಕೊನೆಯತನಕ ಗುರುವೆಂದು ನೆನೆದದ್ದು ಅವರನ್ನೇ. ಹೆಲಿಗೋಲ್ಯಾಂಡ್ ಎಂಬ ದ್ವೀಪದಲ್ಲಿ ವಲಸೆ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕ್ರಮವನ್ನೂ ಆಗಲೇ ಕಲಿತರು. ಈ ಉಂಗುರದ ವಿಚಾರ ಮುಂದೆ ನಮ್ಮ ಜಿಲ್ಲೆಯ ಬಾಗಿಲಿಗೇ ಬರಲಿಕ್ಕಿದೆ.

1930ರಲ್ಲಿ ಕಲಿತು ಬಂದು ನೋಡಿದರೆ ಕೆಲಸವೇ ಇಲ್ಲ! ಹಣದ ಅಭಾವದಿಂದ ಆ ಹುದ್ದೆಯನ್ನೇ ರದ್ದುಪಡಿಸಲಾಗಿತ್ತು. ವಯಸ್ಸು ಮೂವತ್ತಮೂರು ದಾಟಿತ್ತು. ಮುಂಬಯಿಯ ಖರ್ಚು ನಿಭಾಯಿಸುವುದು ಕಷ್ಟವೆಂದು ಗಂಡ ಹೆಂಡತಿ ಬಂದರಿನ ಆಚೆ ದಡದ ಕಿಹೀಂ ಎಂಬ ಹಳ್ಳಿಗೆ ಬಂದು ಸಣ್ಣ ಮನೆಯಲ್ಲಿ ನೆಲೆಸಿದರು. ಅಲಿಬಾಗದ ಹತ್ತಿರದ ಊರು. ಕೊಂಕಣದ ನೆಲ, ನಮ್ಮದರ ಹಾಗೆಯೇ. ತೆಂಗು, ಭತ್ತದ ಗದ್ದೆ, ಜೂನ್ ಬಂತೆಂದರೆ ಬಿಡದ ಮಳೆ. ಮನೆಯ ಹತ್ತಿರವೇ ಗೀಜಗಗಳು ಬಂದು ಗೂಡು ಹೆಣೆಯತೊಡಗಿದವು.

ಸಲೀಂ ಅಲಿ ಆ ಗೂಡುಗಳ ಬಳಿ ಬೆಳಗ್ಗಿನಿಂದ ಕುಳಿತರು. ಮರುದಿನ ಕುಳಿತರು, ಮಾರನೆಯ ದಿನವೂ ಕುಳಿತರು. ಯಾವ ಗೂಡನ್ನು ಯಾವ ಗಂಡು ಯಾವ ದಿನ ಶುರುಮಾಡಿತು, ಎಂದು ಹೆಣ್ಣು ಬಂದಿತು, ಎಂದು ಮೊಟ್ಟೆಯಾಯಿತು ಎಂದು ಒಂದೊಂದನ್ನೂ ಬರೆದುಕೊಂಡರು. ವಾರಗಳು ಕಳೆದಂತೆ ಆ ಬರಹದಿಂದ ಹೊಸ ಸಂಗತಿಯೊಂದು ಮೇಲೆದ್ದಿತು.

ಗಂಡು ಗೀಜಗ ಒಂದು ಗೂಡನ್ನು ಪೂರ್ತಿ ಮಾಡಿ ಹೆಣ್ಣನ್ನು ಕರೆಯುವುದಿಲ್ಲ. ಟೋಪಿಯ ಆಕಾರದ ತನಕ ಹೆಣೆದು, ನಡುವೆ ಅಡ್ಡಪಟ್ಟಿ ಬಿಟ್ಟು, ಅಲ್ಲಿಗೆ ನಿಲ್ಲಿಸುತ್ತದೆ. ಆಗ ಹೆಣ್ಣುಗಳು ಬರುತ್ತವೆ. ಗಂಡುಗಳೆಲ್ಲ ತಂತಮ್ಮ ಅರ್ಧ ಗೂಡಿಗೆ ಜೋತು, ರೆಕ್ಕೆ ಬಡಿಯುತ್ತ ಚೀರುತ್ತವೆ. ಹೆಣ್ಣು ಒಂದೊಂದು ಗೂಡನ್ನೂ ಹೊಕ್ಕು, ಎಳೆಗಳನ್ನು ಜಗ್ಗಿ ನೋಡುತ್ತದೆ. ಮಗಳನ್ನು ಕೊಡುವ ಮುಂಚೆ ನಮ್ಮವರು ಹುಡುಗನ ಮನೆ, ಹಟ್ಟಿ, ಬಾವಿ ನೋಡಿ ಬರುವಂತೆ. ಒಪ್ಪಿಗೆಯಾದರೆ ಹೆಣ್ಣು ಅಲ್ಲಿ ಬಿಡಾರ ಹೂಡುತ್ತದೆ. ಗಂಡು ಮೊಟ್ಟೆಯ ಕೋಣೆಯನ್ನೂ ಕೆಳಮುಖದ ಕೊಳವೆಯನ್ನೂ ಹೆಣೆದು ಮುಗಿಸುತ್ತದೆ. ಒಪ್ಪಿಗೆಯಾಗದ ಗೂಡು ಅರ್ಧದಲ್ಲೇ ಉಳಿಯುತ್ತದೆ. ನಾವು ಉಯ್ಯಾಲೆ ಎಂದುಕೊಂಡದ್ದು ಹೆಣ್ಣು ಬೇಡವೆಂದು ಬಿಟ್ಟುಹೋದ ಮನೆ.

ಇದಿಷ್ಟೇ ಅಲ್ಲ. ಹೆಣ್ಣು ಮೊಟ್ಟೆಗೆ ಕೂತ ಕೂಡಲೇ ಗಂಡು ಅಲ್ಲೇ ಪಕ್ಕದಲ್ಲಿ ಇನ್ನೊಂದು ಅರ್ಧ ಗೂಡು ಕಟ್ಟಲು ಹೊರಡುತ್ತದೆ. ಅದನ್ನು ಇನ್ನೊಂದು ಹೆಣ್ಣು ಮೆಚ್ಚಿದರೆ ಎರಡನೆಯ ಸಂಸಾರ, ಮತ್ತೆ ಸಮಯವಿದ್ದರೆ ಮೂರನೆಯದು. ಕಾವು ಕೊಡುವುದು ಹೆಣ್ಣೊಂದರದೇ ಕೆಲಸ. ಸಂಸಾರಗಳನ್ನು ಒಂದರ ಹಿಂದೆ ಒಂದಾಗಿ ಹೂಡುವ ಈ ಕ್ರಮವನ್ನು ಗೀಜಗನಲ್ಲಿ ಮೊದಲು ಬಿಡಿಸಿ ತೋರಿಸಿದವರು ಸಲೀಂ ಅಲಿ. 1931ರಲ್ಲಿ ಸಂಘದ ಪತ್ರಿಕೆಯಲ್ಲಿ ಬಂದ ಆ ಲೇಖನ ಅವರಿಗೆ ಹೊರದೇಶಗಳ ವಿದ್ವಾಂಸರಲ್ಲೂ ಹೆಸರು ತಂದಿತು. ಹೆಣ್ಣು ನೋಡುವುದು ಹೆಣಿಗೆಯ ಚೆಂದಕ್ಕಿಂತ ಹೆಚ್ಚಾಗಿ ಗೂಡಿನ ಜಾಗದ ಭದ್ರತೆಯನ್ನು ಎಂದು ಬಹುಕಾಲದ ಮೇಲೆ ಬೇರೆ ಸಂಶೋಧಕರು ತೋರಿಸಿದರು. ಮುಳ್ಳಿನ ಮರ, ನೀರಿನ ಮೇಲಿನ ಗೆಲ್ಲು, ನೆಲದಿಂದ ಎತ್ತರ, ಇವೆಲ್ಲ ಹಾವು ಮತ್ತು ಕಾಗೆಯಿಂದ ಮರಿಗಳನ್ನು ಉಳಿಸುತ್ತವೆ.

ಗೂಡಿನೊಳಗೆ ಮೆತ್ತಿದ ಹಸಿಮಣ್ಣಿನ ಉಂಡೆಗಳ ಬಗ್ಗೆಯೂ ಒಂದು ಮಾತು. ಗೀಜಗ ಆ ಮಣ್ಣಿಗೆ ಮಿಂಚುಹುಳ ಅಂಟಿಸಿ ರಾತ್ರಿ ದೀಪ ಮಾಡಿಕೊಳ್ಳುತ್ತದೆಂಬ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಮಣ್ಣು ಇರುವುದು ನಿಜ, ದೀಪ ಮಾತ್ರ ಕಥೆಯೇ. ಗಾಳಿಗೆ ಗೂಡು ಅತಿಯಾಗಿ ತೂಗದಂತೆ ಭಾರಕ್ಕೆ ಇರಬಹುದೆಂದು ಕೆಲವರ ಊಹೆ.

ಅದೇ ಕೊಂಕಣದ ವಾಸದಲ್ಲಿ ಸಲೀಂ ಅಲಿ ಇನ್ನೊಂದು ವಿಷಯವನ್ನು ಬೆನ್ನು ಹತ್ತಿದರು. ತೋಟದವರಿಗೆ ಇದು ಗೀಜಗನಿಗಿಂತಲೂ ಉಪಯುಕ್ತ. ನಮ್ಮ ಮಾವಿನ ಮರಗಳ ಗೆಲ್ಲುಗಳಲ್ಲಿ ಬೇರೆಯೇ ಜಾತಿಯ ದಪ್ಪ ಎಲೆಯ ಗಿಡ ಹಬ್ಬಿರುತ್ತದೆಯಲ್ಲ, ಬದನಿಕೆ ಅಥವಾ ಬಂದಳಿಕೆ ಎನ್ನುವ ಆ ಪರಾವಲಂಬಿ, ಮರದಿಂದ ಮರಕ್ಕೆ ಹೋಗುವುದು ಹೇಗೆ? ಅವರು ಕಂಡದ್ದು ಹೀಗೆ. ಬದನಿಕೆಯ ಕೊಳವೆಯಂಥ ಹೂವಿಗೆ ಸೂರಕ್ಕಿ ಜೇನು ಕುಡಿಯಲು ಬರುತ್ತದೆ. ಬಲಿತ ಮೊಗ್ಗನ್ನು ಕೊಕ್ಕಿನಿಂದ ಒತ್ತಿದೊಡನೆ ಅದು ಬಿರಿದು ಪರಾಗ ಹಕ್ಕಿಯ ತಲೆಗೆ ಹತ್ತುತ್ತದೆ. ಹಾಗೆ ಹೂವಿನಿಂದ ಹೂವಿಗೆ ಪರಾಗ ಸಾಗಿ ಕಾಯಿ ಕಟ್ಟುತ್ತದೆ. ಹಣ್ಣಾದ ಮೇಲೆ ಹೆಬ್ಬೆರಳಿನಷ್ಟು ಗಾತ್ರದ ಬದನಿಕೆ ಹಕ್ಕಿ ಬಂದು ಹಣ್ಣನ್ನು ಇಡಿಯಾಗಿ ನುಂಗುತ್ತದೆ. ಬೀಜ ಬೇಗನೆ ಹೊಟ್ಟೆಯಿಂದ ಹೊರಬರುತ್ತದೆ, ಆದರೆ ಅಂಟಂಟಾಗಿದ್ದು ಉದುರುವುದಿಲ್ಲ. ಹಕ್ಕಿ ಹಿಂಭಾಗವನ್ನು ಗೆಲ್ಲಿಗೆ ಉಜ್ಜಿ ಬಿಡಿಸಿಕೊಳ್ಳುತ್ತದೆ. ಬೀಜ ಅಲ್ಲೇ ಅಂಟಿ ಮೊಳೆಯುತ್ತದೆ.

ಈ ಲೇಖನವೂ 1930ರ ದಶಕದ ಆರಂಭದಲ್ಲೇ ಬಂದಿತು. ಇದರಿಂದ ತೋಟಗಾರರು ತಿಳಿಯಬೇಕಾದ್ದು ಸರಳ. ಹಕ್ಕಿಯನ್ನು ಓಡಿಸಿ ಬದನಿಕೆ ನಿಲ್ಲಿಸಲಾಗದು. ಹಣ್ಣು ಆಗುವ ಮುಂಚೆಯೇ, ಬೇರು ಹೊಕ್ಕ ಗೆಲ್ಲಿನ ಭಾಗ ಸಮೇತ ಕಡಿದು ತೆಗೆಯಬೇಕು. ಬರೇ ಸೊಪ್ಪು ಸವರಿದರೆ ಮತ್ತೆ ಚಿಗುರುತ್ತದೆ. ನೆರೆಯವರ ಮರದಲ್ಲಿ ಉಳಿದರೆ ನಿಮ್ಮ ಮರಕ್ಕೂ ಬರುತ್ತದೆ. ಹಾಗಾಗಿ ಇಬ್ಬರೂ ಒಟ್ಟಿಗೆ ತೆಗೆಯುವುದು ಲೇಸು.

ಮುಂದಿನ ಹತ್ತು ವರ್ಷಗಳ ಜೀವನ ವಿಚಿತ್ರವಾದದ್ದು. ಸಂಸ್ಥಾನಗಳಿಗೆ ಪತ್ರ ಬರೆದು, ನಿಮ್ಮ ರಾಜ್ಯದ ಹಕ್ಕಿಗಳ ಪಟ್ಟಿ ಮಾಡಿಕೊಡುತ್ತೇನೆ, ಸಂಬಳ ಬೇಡ, ಪ್ರಯಾಣ ಮತ್ತು ಬಿಡಾರದ ಖರ್ಚು ಕೊಟ್ಟರೆ ಸಾಕು ಎಂಬ ಒಪ್ಪಂದ. ಹೈದರಾಬಾದು, ಕೊಚ್ಚಿ, ತಿರುವಾಂಕೂರು, ಗ್ವಾಲಿಯರ್, ಇಂದೂರು, ಭೋಪಾಲ ಹೀಗೆ ಸುತ್ತಿದರು. ಕಾಡಿನ ಬಿಡಾರಗಳಲ್ಲಿ ಊಟ, ಸಾಮಾನು, ಆಳುಗಳ ವ್ಯವಸ್ಥೆಯನ್ನೆಲ್ಲ ತೆಹ್ಮೀನಾ ನೋಡಿಕೊಂಡರು. ಅನುಕೂಲಸ್ಥರ ಮನೆಯಲ್ಲಿ ಬೆಳೆದ ಹೆಣ್ಣುಮಗಳು ಗುಡಾರದಲ್ಲಿ ಹಾಗೆ ಬಾಳಿದ್ದು ಸಣ್ಣ ಮಾತಲ್ಲ. ಸಲೀಂ ಅಲಿಯವರ ಹೆಸರಿನ ಜೊತೆ ಈ ತಾಯಿಯ ಹೆಸರನ್ನು ಜನ ನೆನೆಯುವುದು ಕಡಮೆ ಎಂದು ನನಗೆ ಅನ್ನಿಸುತ್ತದೆ. 1939ರಲ್ಲಿ ಸಣ್ಣದೊಂದು ಶಸ್ತ್ರಚಿಕಿತ್ಸೆಯ ನಂತರ ಅವರು ತೀರಿಕೊಂಡರು. ಮಕ್ಕಳಿರಲಿಲ್ಲ. ಸಲೀಂ ಅಲಿ ಮತ್ತೆ ಮದುವೆಯಾಗಲಿಲ್ಲ. ತಂಗುದಾಣವಾದದ್ದು ಅಕ್ಕ ಕಮೂ ಮತ್ತು ಭಾವನ ಮನೆ.

ಆ ದುಃಖದ ಬೆನ್ನಿಗೇ ಮೈಸೂರು ಸಂಸ್ಥಾನದ ಸಮೀಕ್ಷೆ. 1939-40ರ ಸುಮಾರಿಗೆ ಅವರು ಮೈಸೂರು ಸೀಮೆಯ ಕಾಡು ಕೆರೆಗಳನ್ನು ಸುತ್ತಿದರು. ನಮ್ಮ ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತ್ಯದಲ್ಲಿದ್ದುದರಿಂದ ಆ ಲೆಕ್ಕದಲ್ಲಿ ಸೇರಲಿಲ್ಲ. ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯ ನಡುಗಡ್ಡೆಗಳಲ್ಲಿ ಕೊಕ್ಕರೆ, ಬೆಳ್ಳಕ್ಕಿ, ನೀರುಕಾಗೆಗಳು ಗುಂಪುಗೂಡಿ ಮರಿ ಮಾಡುತ್ತಿದ್ದವು. ಆ ನಡುಗಡ್ಡೆಗಳೂ ತಾವಾಗಿ ಆದವಲ್ಲ, ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಬೇಸಾಯಕ್ಕಾಗಿ ಕಟ್ಟಿದ ಅಣೆಕಟ್ಟೆಯಿಂದ ಉಂಟಾದವು. ಸಲೀಂ ಅಲಿಯವರು ಮೈಸೂರು ಅರಸರಿಗೆ ವಿಷಯ ಮನಗಾಣಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವೆಂದು ಘೋಷಣೆಯಾಯಿತು. ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಮೇಷ್ಟ್ರುಗಳು ದೋಣಿಯಲ್ಲಿ ಕೂತಾಗ ಇದನ್ನೂ ಹೇಳಬಹುದು.

ಮಂಡ್ಯ ಜಿಲ್ಲೆಯದೇ ಇನ್ನೊಂದು ಊರು ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರು. ಅಲ್ಲಿ ಪಕ್ಷಿಧಾಮದ ಬೇಲಿಯೇ ಬೇಕಾಗಿರಲಿಲ್ಲ. ಚಳಿಗಾಲ ಕಳೆಯುವ ಹೊತ್ತಿಗೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಬಂದು ಮನೆಯಂಗಳದ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಊರವರು ಅವನ್ನು ನೋಡಿಕೊಂಡರು. ಮರದ ಬುಡದಲ್ಲಿ ಗುಂಡಿ ತೆಗೆದು ಕೆರೆಯ ಗೋಡು ತುಂಬಿ, ಬಿದ್ದ ಹಿಕ್ಕೆಯನ್ನು ಅದರಲ್ಲಿ ಕೂಡಿಸಿ ಗದ್ದೆಗೆ ಗೊಬ್ಬರ ಮಾಡಿಕೊಂಡರು. ಹಟ್ಟಿಗೊಬ್ಬರದ ಬೆಲೆ ಬಲ್ಲ ನಮಗೆ ಇದನ್ನು ವಿವರಿಸುವ ಅಗತ್ಯವಿಲ್ಲ.

ಮನೆಗೆ ಬರುವ ಹಕ್ಕಿಗೆ ಜಾಗ ಕೊಡುವ ಪದ್ಧತಿ ನಮ್ಮಲ್ಲಿ ಮಾತ್ರ ಇರುವುದಲ್ಲ. ಅಮೆರಿಕದಲ್ಲಿ ಪರ್ಪಲ್ ಮಾರ್ಟಿನ್ ಎಂಬ ನೇರಳೆಗಪ್ಪು ಹಕ್ಕಿಯಿದೆ. ಅಕ್ಟೋಬರ್ ಹೊತ್ತಿಗೆ ನಮ್ಮ ಕರಾವಳಿಯ ಪೇಟೆಗಳಲ್ಲಿ ವಿದ್ಯುತ್ ತಂತಿಯ ಮೇಲೆ ಸಾಲುಗಟ್ಟಿ ಕೂರುವ ಕವಲುಬಾಲದ ಹಕ್ಕಿಗಳ ದಾಯಾದಿ. ಚಳಿಗಾಲವನ್ನು ದಕ್ಷಿಣ ಅಮೆರಿಕದಲ್ಲಿ ಕಳೆದು ವಸಂತ ಬರುವ ಮುಂಚೆಯೇ ಉತ್ತರಕ್ಕೆ ಮರಳುತ್ತದೆ. ಅಲ್ಲಿನ ಮೂಲನಿವಾಸಿಗಳು ಅದಕ್ಕೆಂದು ಒಣಗಿದ ಸೋರೆಬುರುಡೆಗಳನ್ನು ಕಂಬಕ್ಕೆ ಕಟ್ಟುತ್ತಿದ್ದರು. ಇಂದು ಆ ದೇಶದ ಪೂರ್ವಭಾಗದಲ್ಲಿ ಈ ಹಕ್ಕಿ ಬಹುಮಟ್ಟಿಗೆ ಜನ ಹಿತ್ತಿಲಲ್ಲಿ ಇಟ್ಟ ಬುರುಡೆ, ಪೆಟ್ಟಿಗೆಗಳಲ್ಲೇ ಮರಿ ಮಾಡುತ್ತದೆ. ಮೊದಲ ಹಕ್ಕಿ ಯಾವ ದಿನ ಬಂತೆಂದು ಜನ ವರ್ಷವರ್ಷ ಬರೆದಿಡುತ್ತಾರೆ.

ಬಂದ ಹಕ್ಕಿ ಎಲ್ಲಿಂದ ಬಂತು, ಏನನ್ನು ಹೊತ್ತು ತಂದಿತು ಎಂಬ ಪ್ರಶ್ನೆ ನಮ್ಮ ರಾಜ್ಯದಲ್ಲಿ ಒಮ್ಮೆ ಜೀವನ್ಮರಣದ ಪ್ರಶ್ನೆಯೇ ಆಗಿತ್ತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಹಿಂದೆಯೇ ಜನರಿಗೂ ಜ್ವರ ಬಂದು ಸಾವುಗಳಾದವು. ಅದೇ ಮಂಗನ ಕಾಯಿಲೆ. ರೋಗದ ವೈರಸ್ಸಿಗೆ ಸೈಬೀರಿಯದ ಒಂದು ಜ್ವರದ ವೈರಸ್ಸಿನೊಡನೆ ಹೋಲಿಕೆ ಕಂಡಿತು. ಹಾಗಾದರೆ ಅಲ್ಲಿಂದ ಬರುವ ವಲಸೆ ಹಕ್ಕಿಗಳು ಮೈಯ ಉಣುಗಿನಲ್ಲಿ ಇದನ್ನು ತಂದವೇ? ಉತ್ತರ ಹುಡುಕಲು ವಿಶ್ವ ಆರೋಗ್ಯ ಸಂಸ್ಥೆ ನೆರವು ನೀಡಿತು, ಹಕ್ಕಿ ಹಿಡಿದು ಉಂಗುರ ತೊಡಿಸುವ ಕೆಲಸ ಸಂಘದ ಪಾಲಿಗೆ ಬಂತು, ಮುಂದಾಳು ಸಲೀಂ ಅಲಿ. ಹೆಲಿಗೋಲ್ಯಾಂಡಿನಲ್ಲಿ ಕಲಿತ ವಿದ್ಯೆ ಮೂವತ್ತು ವರ್ಷಗಳ ಮೇಲೆ ಹೀಗೆ ಕೆಲಸಕ್ಕೆ ಬಂದಿತು. ಬಲೆ ಹಾಕಿ ಹಿಡಿದ ಹಕ್ಕಿಗಳ ಕಾಲಿಗೆ ನಂಬರಿನ ಹಗುರ ಉಂಗುರ ಹಾಕಿ, ಮೈಮೇಲಿನ ಉಣುಗುಗಳನ್ನು ಆರಿಸಿ ಪರೀಕ್ಷೆಗೆ ಕಳುಹಿಸಿ, ಹಕ್ಕಿಯನ್ನು ಬಿಟ್ಟುಬಿಡುವುದು. ಭಾರತದಲ್ಲಿ ಉಂಗುರ ತೊಟ್ಟ ಹಕ್ಕಿಗಳು ಆಗಿನ ಸೋವಿಯತ್ ದೇಶದಲ್ಲಿ ಸಿಕ್ಕವು. ನಮ್ಮ ಹಕ್ಕಿಗಳ ದಾರಿಯ ಬಗ್ಗೆ ಗಟ್ಟಿ ತಿಳಿವಳಿಕೆ ಬಂದದ್ದು ಆ ಕೆಲಸದಿಂದ.

ಕಾಯಿಲೆಯನ್ನು ಹಕ್ಕಿಗಳೇ ಸೈಬೀರಿಯದಿಂದ ತಂದವೆಂಬುದಕ್ಕೆ ಖಚಿತ ಆಧಾರ ದೊರೆಯಲಿಲ್ಲ. ರೋಗ ಹರಡುವುದು ನಮ್ಮದೇ ಕಾಡಿನ ಉಣುಗಿನಿಂದ. 1982-83ರಲ್ಲಿ ನಮ್ಮ ನೆರೆಯ ಬೆಳ್ತಂಗಡಿ ತಾಲೂಕಿನಲ್ಲಿ ಅದು ಅನೇಕ ಜೀವಗಳನ್ನು ತೆಗೆದುಕೊಂಡದ್ದು ಹಿರಿಯರಿಗೆ ನೆನಪಿದ್ದೀತು. ತರಗೆಲೆ ತರಲು, ಸೊಪ್ಪು ಕಡಿಯಲು ಕಾಡಿಗೆ ಹೋಗುವವರು ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಕಾಲಿಗೆ ಉಂಗುರವಿರುವ ಹಕ್ಕಿ ಸಿಕ್ಕಿದರೆ ಅದರ ಮೇಲೆ ಕೊರೆದ ನಂಬರನ್ನೂ ಸಂಸ್ಥೆಯ ಹೆಸರನ್ನೂ ಬರೆದುಕೊಂಡು ಅರಣ್ಯ ಇಲಾಖೆಯವರಿಗೆ ಕೊಡಿ. ಆ ಒಂದು ಸಾಲಿಗಾಗಿ ಯಾರೋ ಎಲ್ಲಿಯೋ ಕಾಯುತ್ತಿರುತ್ತಾರೆ.

ಉಳಿದದ್ದನ್ನು ಬೇಗ ಹೇಳುತ್ತೇನೆ. 1941ರಲ್ಲಿ ಚಿತ್ರಗಳಿರುವ ಭಾರತೀಯ ಪಕ್ಷಿಗಳ ಪುಸ್ತಕ ಹೊರತಂದರು. ಸಾಮಾನ್ಯ ಓದುಗರ ಕೈಗೆ ಹಕ್ಕಿಯ ಗುರುತು ಕೊಟ್ಟದ್ದು ಅದು. ಅಮೆರಿಕದ ಡಿಲ್ಲನ್ ರಿಪ್ಲಿಯವರ ಜೊತೆ 1968ರಿಂದ 1974ರ ತನಕ ಹತ್ತು ಸಂಪುಟಗಳ ಮಹಾಗ್ರಂಥ ಬರೆದರು. ಫಿನ್ ಗೀಜಗ ಎಂಬ, ಬಹುಕಾಲ ಕಾಣದೆ ಹೋಗಿದ್ದ ಜಾತಿಯನ್ನು ಕುಮಾವೂಂನ ತಪ್ಪಲಿನಲ್ಲಿ ಮತ್ತೆ ಪತ್ತೆ ಹಚ್ಚಿದರು. 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ, 1985ರಲ್ಲಿ ರಾಜ್ಯಸಭೆಗೆ ನಾಮಕರಣ. ಗೆಟ್ಟಿ ಪ್ರಶಸ್ತಿಯೆಂದು ಬಂದ ದೊಡ್ಡ ಹಣವನ್ನು ನಿಸರ್ಗ ರಕ್ಷಣೆಯ ನಿಧಿಗೆ ಕೊಟ್ಟರು. ಪದವಿಯಿಲ್ಲವೆಂದು ಕೆಲಸ ಸಿಗದವರಿಗೆ ಮುಂದೆ ವಿಶ್ವವಿದ್ಯಾಲಯಗಳು ಗೌರವ ಡಾಕ್ಟರೇಟ್ ಕೊಟ್ಟವು.

ಅವರನ್ನು ಹೂವಿನಂಥ ಮನಸ್ಸಿನ ಪಕ್ಷಿಪ್ರೇಮಿ ಎಂದು ಚಿತ್ರಿಸುವವರಿದ್ದಾರೆ. ಅದು ಪೂರ್ತಿ ಸರಿಯಲ್ಲ. ಅಧ್ಯಯನಕ್ಕೆ ಬೇಕಾದಾಗ ಹಕ್ಕಿಗಳನ್ನು ಹೊಡೆದು ಸಂಗ್ರಹಿಸುವುದನ್ನು ಅವರು ದೊಡ್ಡವರಾದ ಮೇಲೂ ಮಾಡಿದರು, ಅದನ್ನು ಮುಚ್ಚಿಡಲೂ ಇಲ್ಲ. ಹಕ್ಕಿ ಬೆಳೆಗೆ ಮಾಡುವ ನಷ್ಟವನ್ನೂ ಲಾಭವನ್ನೂ ಎರಡೂ ಕಡೆ ತೂಗಿ ನೋಡಬೇಕೆಂಬುದು ಅವರ ನಿಲುವು. ನಾನು ಕೃಷಿ ಬಿ.ಎಸ್ಸಿ. ಓದುವಾಗ ನಮಗೆ ಹಕ್ಕಿಗಳ ಪಾಠವೆಂದರೆ ಪೀಡೆಗಳ ಪಟ್ಟಿಯಲ್ಲಿ ಬರುವ ನಾಲ್ಕು ಹೆಸರು ಮಾತ್ರವಾಗಿತ್ತು. ತೂಗುವ ಮಾತು ನನಗೆ ತಿಳಿದದ್ದು ಆಮೇಲೆ, ಅವರ ಪುಸ್ತಕದಿಂದ.

ಹಾಗೆ ತೂಗಿದರೆ ಗೀಜಗ ಎಲ್ಲಿ ನಿಲ್ಲುತ್ತದೆ? ತೆನೆ ಹಾಲುಗಟ್ಟಿದಾಗಿನಿಂದ ಕೊಯ್ಲಿನ ತನಕ ಗುಂಪಾಗಿ ಬಂದು ಭತ್ತ ತಿನ್ನುವುದು ಹೌದು, ಅದನ್ನು ಅಲ್ಲಗಳೆಯುವಂತಿಲ್ಲ. ಬೈಲಿನಲ್ಲಿ ಒಬ್ಬರದು ಮಾತ್ರ ಮೊದಲು ಮಾಗಿದರೆ ನಷ್ಟವೆಲ್ಲ ಅವರದೇ. ಎಲ್ಲರೂ ಹತ್ತಿರ ಹತ್ತಿರದ ದಿನಗಳಲ್ಲಿ ನಾಟಿ ಮಾಡಿದರೆ ಅದು ಹಂಚಿಹೋಗುತ್ತದೆ. ತೆನೆಯ ಮೇಲ್ಗಡೆ ಗೂಟದಿಂದ ಗೂಟಕ್ಕೆ ಹೊಳೆಯುವ ಪಟ್ಟಿಯನ್ನು ತಿರುಚಿ ಕಟ್ಟಿದರೆ ಗಾಳಿಗೆ ಮಿಂಚಿ, ಸದ್ದು ಮಾಡಿ ಕೆಲವು ದಿನ ಕಾಯುತ್ತದೆ. ಬೇರೆ ಸಮಯದಲ್ಲಿ ಅದರ ಆಹಾರ ಹುಲ್ಲಿನ ಬೀಜ. ಮರಿಗಳಿಗೆ ತಿನ್ನಿಸುವುದು ಹುಳಹುಪ್ಪಟೆಗಳನ್ನು. ಗೂಡನ್ನು ಕಿತ್ತು ಹಾಕುವುದರಿಂದ ತೆನೆ ಉಳಿಯುವುದಿಲ್ಲ, ಏಕೆಂದರೆ ತೆನೆಗೆ ಬರುವ ಗುಂಪು ಆ ಮರದ್ದೇ ಎಂದೇನೂ ಇಲ್ಲ.

ಈಗ ನಮ್ಮ ಮೂರು ತಾಲೂಕುಗಳಲ್ಲಿ ಆ ಜಗಳಕ್ಕೂ ಅವಕಾಶ ಕಡಮೆಯಾಗುತ್ತಿದೆ. ಮಜಲು, ಬೆಟ್ಟು ಗದ್ದೆಗಳು ಮೊದಲೇ ಅಡಿಕೆ, ರಬ್ಬರಿಗೆ ಹೋದವು. ಬೈಲುಗಳಿಗೂ ಮಣ್ಣು ತುಂಬಿ ಅಡಿಕೆ ಸಸಿ ಇಟ್ಟಾಯಿತು. ಸುಳ್ಯದ ಕಡೆ ಹಳದಿ ಎಲೆ ರೋಗಕ್ಕೆ ತೋಟ ಕಳೆದುಕೊಂಡವರು ಇನ್ನೇನು ಬೆಳೆಯಲಿ ಎಂದು ಕೇಳುತ್ತಿರುವಾಗ ಗೀಜಗನ ಮಾತೆತ್ತಲು ನನಗೂ ಸಂಕೋಚ. ಆದರೂ ಗದ್ದೆ ಹೋದಲ್ಲಿ ಗೂಡೂ ಹೋಗುವುದನ್ನು ಕಣ್ಣಾರೆ ಕಂಡಿದ್ದೇನೆ. ಎಳೆ ಸೀಳಲು ಭತ್ತದ ಎಲೆ ಬೇಕು, ಉದ್ದ ಹುಲ್ಲು ಬೇಕು. ಅಡಿಕೆ ಮರದ ಕೆಳಗೆ ಅದು ಸಿಗುವುದಿಲ್ಲ.

ಕಡಬದ ಹತ್ತಿರ ಒಬ್ಬ ಹಿರಿಯ ಕೃಷಿಕರು ಊಟಕ್ಕಾಗಿ ಎರಡು ಗದ್ದೆ ಉಳಿಸಿಕೊಂಡಿದ್ದಾರೆ. ಅವರ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಕರು ಹಾಕಿದ ದಿನ, ಬೋರ್ಡೋ ಸಿಂಪಡಿಸಿದ ದಿನಗಳ ಜೊತೆಗೆ ಗೀಜಗ ಬಂದ ದಿನವೂ ಪೆನ್ಸಿಲಿನಲ್ಲಿ ಬರೆದಿರುತ್ತದೆ. ಯಾಕೆಂದು ಕೇಳಿದರೆ ನಗುತ್ತಾರೆ, ಉತ್ತರ ಕೊಡುವುದಿಲ್ಲ. ಸಲೀಂ ಅಲಿಯವರ ಹೆಸರನ್ನು ಅವರು ಕೇಳಿದವರಲ್ಲ. ಈ ಬಾರಿ ಹೋದಾಗ ಹಳೆಯ ಕ್ಯಾಲೆಂಡರುಗಳನ್ನು ಎಸೆಯಬೇಡಿರೆಂದು ಹೇಳಿ ಬಂದೆ.

ಸಲೀಂ ಅಲಿ ತೀರಿಕೊಂಡದ್ದು 1987ರ ಜೂನ್ 20ರಂದು, ತೊಂಬತ್ತು ದಾಟಿದ ಮೇಲೆ. ಹಿಮಾಲಯದಲ್ಲಿ ನೂರು ವರ್ಷಕ್ಕೂ ಮೇಲ್ಪಟ್ಟು ಯಾರೂ ಕಾಣದ ಬೆಟ್ಟದ ಬುರ್ಲಿ ಹಕ್ಕಿಯೊಂದನ್ನು ಹುಡುಕಬೇಕೆಂಬ ಆಸೆ ಕೊನೆಯ ವರ್ಷಗಳಲ್ಲೂ ಇತ್ತು. ಅದು ಈ ತನಕ ಸಿಕ್ಕಿಲ್ಲ. ಅವರು ಹೋದದ್ದು ಮಳೆಗಾಲದ ಆರಂಭ, ಕೊಂಕಣದಲ್ಲಿ ಗಂಡು ಗೀಜಗಗಳು ಎಳೆ ಸೀಳಲು ತೊಡಗುವ ದಿನಗಳು.